ಬಿಗ್ ಫನ್ ಒಳಗೆ ಸಿಗದ ಕುಂದರನ್

ಬಿಗ್ ಫನ್ ನೆನಪಿದೆಯಾ ನಿಮಗೆ? ಎಂಬತ್ತರ ದಶಕದ ಕೊನೆಯಲ್ಲಿ ಚಡ್ಡಿ ಹಾಕಿಕೊಂಡು ಶಾಲೆಗೆ ಹೋದವರಾದರೆ ಖಂಡಿತ ಇರುತ್ತದೆ. ಬಬಲ್ ಗಮ್ಮು ನೆಪಕ್ಕೆ ಮಾತ್ರ, ನಮಗೆ ಬೇಕಿದ್ದದ್ದು ಅದರ ಜೊತೆ ಬರುತ್ತಿದ್ದ ಚಿತ್ರ. ಒಬ್ಬ ಕ್ರಿಕೆಟಿಗನ ಫೋಟೋ, ಜೊತೆಗೆ ಇಷ್ಟು ರನ್ ಅಥವಾ ಇಷ್ಟು ವಿಕೆಟ್ ಅಂತ. ರನ್ ಕೂಡಿಸಿ ಅಂಗಡಿಯಲ್ಲಿ ಕೊಟ್ಟರೆ ಒಂದು ಪುಟಾಣಿ ಪುಸ್ತಕ ಸಿಗುತ್ತಿತ್ತು. ಹೆಬ್ಬೆರಳಿನಲ್ಲಿ ಪುಟಗಳನ್ನು ಸರ್ರನೆ ಬಿಟ್ಟರೆ ಬ್ಯಾಟ್ಸ್‌ಮನ್ ಬ್ಯಾಟ್ ಬೀಸುತ್ತಿದ್ದ. ಟೀವಿಯೇ ಇಲ್ಲದ ಮನೆಯವರಿಗೆ ಅದೇ ರೀಪ್ಲೇ :-)

1987ರ ವಿಶ್ವಕಪ್ ನಮ್ಮಲ್ಲೇ ನಡೆದಾಗ ಈ ಹುಚ್ಚು ನೆತ್ತಿಗೇರಿತ್ತು. ಸಂಜೆ ನೆಹರೂ ಮೈದಾನದಲ್ಲಿ ಆಟಕ್ಕಿಂತ ವ್ಯಾಪಾರವೇ ಜಾಸ್ತಿ. ಒಂದು ಕಪಿಲ್‌ಗೆ ಎರಡು ವೆಂಗ್‌ಸರ್ಕಾರ್, ಹೀಗೆ. ನನ್ನ ಗೆಳೆಯರೆಲ್ಲ ರನ್ ಕೂಡಿದ ಕೂಡಲೇ ಚಿತ್ರ ಕೊಟ್ಟು ಪುಸ್ತಕ ತಂದರು. ನನಗೆ ಮಾತ್ರ ಚಿತ್ರ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆ ಡಬ್ಬಿ ಇವತ್ತಿಗೂ ನನ್ನ ಹತ್ತಿರ ಉಂಟು. ಆಮೇಲೆ ಬಂದ ಟ್ರಂಪ್ ಕಾರ್ಡ್‌ಗಳೂ ಅದರಲ್ಲೇ ಸೇರಿಕೊಂಡವು.

ಅಪ್ಪನಿಗೆ ಈ ಹುಚ್ಚಿನ ಬಗ್ಗೆ ಕೋಪ ಇರಲಿಲ್ಲ. ಪ್ರತಿಸಲ ನಾನು ಗಮ್ಮು ಬಿಚ್ಚುವಾಗಲೂ ಪೇಪರಿನಿಂದ ತಲೆ ಎತ್ತದೆ ಒಂದೇ ಪ್ರಶ್ನೆ: "ಕುಂದರನ್ ಬಂದ್ರಾ?"

ಬುಧಿ ಕುಂದರನ್. ನಮ್ಮ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದವರು. ಕುಂದರ್ ಅಂದರೆ ನಮ್ಮ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಹಳೆಯ ಸ್ಕೋರ್ ಕಾರ್ಡ್‌ಗಳಲ್ಲಿ ಅವರ ಹೆಸರು ಕುಂದರಾಮ್ ಅಂತ ಇರುತ್ತದೆ. 1960ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್, ವಿಕೆಟ್ ಕೀಪರ್ ಆಗಿ. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಆರಂಭಿಕನಾಗಿ ಇಳಿದವರು ಮೊದಲ ದಿನ ಮುಗಿದಾಗ 170 ಹೊಡೆದು ಔಟಾಗದೆ ನಿಂತಿದ್ದರು! ಮರುದಿನ 192ಕ್ಕೆ ಔಟ್. ಅಪ್ಪ ಆ ಕಾಮೆಂಟರಿಯನ್ನು ಹೋಟೆಲೊಂದರ ರೇಡಿಯೋ ಮುಂದೆ ನಿಂತು ಕೇಳಿದ್ದರಂತೆ. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಹೆಸರು ಅರ್ಥವಾಗುತ್ತಿತ್ತಲ್ಲ. "ನಮ್ಮ ಮೂಲ್ಕಿದಾರ್" ಅಂತ ಹೇಳುವಾಗ ಅವರ ದನಿ ಒಂದು ಸುತ್ತು ಮೇಲೆ ಹೋಗುತ್ತಿತ್ತು.

ಆ ಸರಣಿಯಲ್ಲಿ ಕುಂದರನ್ 525 ರನ್ ಮಾಡಿದರು, ಎರಡು ಶತಕ. ಆದರೂ ಕೀಪಿಂಗ್ ಜಾಗಕ್ಕೆ ಫಾರೂಕ್ ಇಂಜಿನಿಯರ್ ಜೊತೆ ಪೈಪೋಟಿ ಮುಗಿಯಲಿಲ್ಲ. 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟ್ ಅವರ ಕೊನೆಯದು. ಅಲ್ಲಿ ಬ್ಯಾಟಿಂಗೂ ಅವರೇ ಶುರುಮಾಡಿದರು, ಬೌಲಿಂಗೂ ಅವರೇ! ಏನು ಬೌಲ್ ಮಾಡ್ತೀಯಾ ಎಂದು ಪಟೌಡಿ ಕೇಳಿದ್ದಕ್ಕೆ ನನಗೇ ಗೊತ್ತಿಲ್ಲ ಎಂದರಂತೆ. ಆಮೇಲೆ ಸ್ಕಾಟ್ಲೆಂಡ್ ಸೇರಿ ಅಲ್ಲಿಯ ತಂಡಕ್ಕೂ ಆಡಿದರು. 2006ರ ಜೂನಿನಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.

ಅಪ್ಪನಿಗೂ ಗೊತ್ತಿತ್ತು, ಇಪ್ಪತ್ತು ವರ್ಷ ಹಿಂದೆ ಆಟ ನಿಲ್ಲಿಸಿದವರು ಗಮ್ಮಿನ ಜೊತೆ ಬರುವುದಿಲ್ಲ ಎಂದು. ಆದರೂ ಕೇಳುತ್ತಿದ್ದರು.

ಟ್ರಂಪ್ ಕಾರ್ಡಿನಲ್ಲಿ ಬಂದಿದ್ದರೂ ಬಡಪಾಯಿ ಸೋಲುತ್ತಿದ್ದರು ಬಿಡಿ. 18 ಟೆಸ್ಟ್, 981 ರನ್, 23 ಕ್ಯಾಚ್, 7 ಸ್ಟಂಪಿಂಗ್. ಪಂದ್ಯ ಅಂದರೂ ಸೋಲು, ರನ್ ಅಂದರೂ ಸೋಲು. ಆದರೆ ಗರಿಷ್ಠ ಸ್ಕೋರ್ ಅಂತ ಕರೆದು ನೋಡಿ ಮಾರಾಯ್ರೆ! ಕಪಿಲ್ 163, ವೆಂಗ್‌ಸರ್ಕಾರ್ 166, ಕಿರ್ಮಾನಿ 102. ಮೂವರೂ ಕಾರ್ಡು ಕೊಟ್ಟು ಹೋಗಬೇಕು. ಭಾರತದ ವಿಕೆಟ್ ಕೀಪರ್ ಒಬ್ಬ 192 ದಾಟಲು 2013ರಲ್ಲಿ ಧೋನಿಯೇ ಬರಬೇಕಾಯಿತು, 224 ಹೊಡೆದು. ಅದೂ ಚೆನ್ನೈಯಲ್ಲೇ.

ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡ್ ಅಂತ ಉಂಟಲ್ಲ, ಮೊದಲು ಸಿಗರೇಟ್ ಪ್ಯಾಕಿನಲ್ಲಿ, ಆಮೇಲೆ ಗಮ್ಮಿನ ಜೊತೆ ಬಂದವು. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ನನ್ನ ಡಬ್ಬಿಗೆ ಅಷ್ಟೆಲ್ಲ ಯಾರೂ ಕೊಡುವುದಿಲ್ಲ. ಕೊಟ್ಟರೂ ನಾನು ಕೊಡುವುದಿಲ್ಲ ಎಂದು ಬರೆಯೋಣ ಅಂದುಕೊಂಡೆ, ಆದರೆ ಕೋಟಿ ಡಾಲರ್ ಅಂದರೆ ಸ್ವಲ್ಪ ಯೋಚಿಸಬೇಕಾಗುತ್ತದೆ :-)

ಈಗಿನ ಮಕ್ಕಳ ಐಪಿಎಲ್ ಕಾರ್ಡ್‌ಗಳಲ್ಲಿ ಕೆ.ಎಲ್. ರಾಹುಲ್ ಇದ್ದಾರೆ. ಸುರತ್ಕಲ್‌ನಲ್ಲಿ ಬೆಳೆದ ಹುಡುಗ. ಸುರತ್ಕಲ್‌ನಿಂದ ಮೂಲ್ಕಿಗೆ ಅದೇ ಹೆದ್ದಾರಿ, ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. 2016ರ ಡಿಸೆಂಬರಿನಲ್ಲಿ ರಾಹುಲ್ 199ಕ್ಕೆ ಔಟಾದದ್ದೂ ಚೆನ್ನೈಯಲ್ಲಿ, ಎದುರಾಳಿ ಇಂಗ್ಲೆಂಡೇ! ಆ ದಿನ ಇಡೀ ಊರು ಒಂದು ರನ್ನಿಗಾಗಿ ಹೊಟ್ಟೆ ಉರಿಸಿಕೊಂಡಿತು. ನನಗೆ ಮಾತ್ರ ಎಂಟು ರನ್ ನೆನಪಾಯಿತು. ಹೇಳಲು ಅಪ್ಪ ಇರಲಿಲ್ಲ.

ಕಳೆದ ಕೆಲವು ವರ್ಷಗಳಿಂದ ಹಳೇ ಪೇಪರ್ ಅಂಗಡಿ ಕಂಡಲ್ಲೆಲ್ಲ 'ಸ್ಪೋರ್ಟ್ ಅಂಡ್ ಪಾಸ್‌ಟೈಮ್' ಹುಡುಕುತ್ತಿದ್ದೇನೆ. ಮದರಾಸಿನಿಂದ ಬರುತ್ತಿದ್ದ ವಾರಪತ್ರಿಕೆ, 1968ರಲ್ಲಿ ನಿಂತುಹೋಯಿತು. ಒಂದು ಒಳ್ಳೆಯ ಚಿತ್ರ ಸಿಕ್ಕಿದರೆ ಬಿಗ್ ಫನ್ ಅಳತೆಗೆ ಕತ್ತರಿಸಿ, ಪಕ್ಕದಲ್ಲಿ 192 ಎಂದು ಬರೆದು ಡಬ್ಬಿಗೆ ಹಾಕಬೇಕು. ಈವರೆಗೆ ಸಿಕ್ಕಿಲ್ಲ. ನಿಮ್ಮಲ್ಲಿ ಯಾರದಾದರೂ ಮನೆಯ ಅಟ್ಟದಲ್ಲಿ 1964ರ ಜನವರಿಯ ಸಂಚಿಕೆ ಇದ್ದರೆ ದಯವಿಟ್ಟು ತಿಳಿಸಿ. ನೀವು ಹಾಳೆ ಹರಿಯುವುದೇನೂ ಬೇಡ, ಒಂದು ಫೋಟೋ ತೆಗೆದು ಕಳಿಸಿದರೂ ಸಾಕು.