ಕಂದಕದ ಈಚೆ ಒಂದು ರಾತ್ರಿ

ಗುಂಡಾಲ್ ಜಲಾಶಯ ದಾಟುತ್ತಿದ್ದಂತೆ ಗಾಳಿ ಬದಲಾಗುತ್ತದೆ. ಕೊಳ್ಳೇಗಾಲದಿಂದ ಇಲ್ಲಿಯವರೆಗೂ ಮುಖಕ್ಕೆ ಹೊಡೆಯುತ್ತಿದ್ದ ಬಿಸಿ ಧೂಳು ಹೋಗಿ ಹಸಿ ಸೊಪ್ಪಿನ ವಾಸನೆ ಹೆಲ್ಮೆಟ್ಟಿನೊಳಕ್ಕೆ ನುಗ್ಗುತ್ತದೆ. ರಸ್ತೆ ಏರತೊಡಗಿದೆ. ಯೆಜ್ಡಿ ಮೂರನೇ ಗೇರಿನಲ್ಲಿ ಒಮ್ಮೆ ಮುಲುಕಿ, ಎರಡಕ್ಕೆ ಇಳಿಸಿದೊಡನೆ ಹಳೆಯ ರಾಗಕ್ಕೆ ಮರಳುತ್ತದೆ. ಜೋಡಿ ಸೈಲೆನ್ಸರಿನ ಸದ್ದು ಬಂಡೆಗೆ ಬಡಿದು ನನ್ನ ಬೆನ್ನಿಗೇ ಬರುತ್ತದೆ. ಕಾರ್ತಿಕದ ಬಿಸಿಲು ನಾಲ್ಕೂವರೆಗೇ ಹಳದಿಯಾಗಿದೆ. ಕತ್ತಲಾಗುವ ಮುಂಚೆ ಟೆಂಟು ಹಾಕಲು ಒಂದು ಜಾಗ ಸಿಗಬೇಕು. ನಿಲ್ಲಿಸದೆ ಏರುತ್ತೇನೆ.

ಈ ಗಾಡಿ ಅಪ್ಪನದು, 1984ರದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಗಾಡಿಗಳು ತಯಾರಾದವು. ಅಲ್ಲಿ ಹುಟ್ಟಿದ ಗಾಡಿಗಳಲ್ಲಿ ಇನ್ನೂ ಉಸಿರಾಡುತ್ತಿರುವವು ಎಷ್ಟೋ, ಅವುಗಳಲ್ಲಿ ಇದೂ ಒಂದು. ಗೇರಿನ ಕಡ್ಡಿಯನ್ನೇ ಒಳಗೆ ಒತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ ಆಗುತ್ತದೆ. ಒಂದೇ ಕಡ್ಡಿಗೆ ಎರಡು ಕೆಲಸ. ಅಪ್ಪ ಅದನ್ನು ತೋರಿಸಿಕೊಟ್ಟ ದಿನ ನನಗೆ ಹನ್ನೆರಡು ವರ್ಷ. ಹಿಂದಿನ ಸೀಟಿನ ಮೇಲೆ ಟೆಂಟು, ಮಲಗುವ ಚೀಲ, ಚಿಕ್ಕ ಒಲೆ. ಪಕ್ಕದ ಚೀಲದಲ್ಲಿ ಬದಲಿ ಟ್ಯೂಬು, ಕ್ಲಚ್ ಕೇಬಲ್ಲು, ಎರಡು ಪ್ಲಗ್ಗು, ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಬಾಟಲಿ. ಒಬ್ಬನೇ ಹೊರಟರೆ ಇಷ್ಟು ಸಾಕು.

ಹೊರಟದ್ದು ಕೋಟೆ ಹುಡುಕಿಕೊಂಡು. ಬೆಳಿಗ್ಗೆ ಶಿವನಸಮುದ್ರದಲ್ಲಿ ಕಾವೇರಿಯ ದಡದಲ್ಲಿ ನಿಂತಿದ್ದೆ. ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದ. ಅವನು ಮೊದಮೊದಲು ದಂಡೆತ್ತಿ ಹೋದದ್ದರಲ್ಲಿ ಒಂದು ಉಮ್ಮತ್ತೂರಿನ ಗಂಗರಾಜನ ಮೇಲೆ. ಹೊಳೆ ಎರಡಾಗಿ ಸೀಳಿ ನಡುವೆ ಬಿಟ್ಟುಕೊಟ್ಟ ನೆಲವೇ ಗಂಗರಾಜನ ಕೋಟೆ. ನೀರೇ ಅದಕ್ಕೆ ಕಂದಕ. ಕೋಟೆ ಬಿತ್ತು, ಗಂಗರಾಜ ಅದೇ ಹೊಳೆಯಲ್ಲಿ ಮುಳುಗಿದ ಎನ್ನುತ್ತದೆ ಚರಿತ್ರೆ. ಅಲ್ಲಿ ನಿಂತು ನೋಡಿದರೆ ಗೋಡೆಗಿಂತ ನೀರೇ ಹೆಚ್ಚು ಮಾತಾಡುತ್ತದೆ. ಅದೇ ಗಂಗರಾಜನ ಹೆಸರು ಹೇಳುವ ಇನ್ನೊಂದು ಕೋಟೆ, ಕಂಚಿಕೋಟೆ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗಿದೆ. ಅದು ಈಗ ಹುಲಿಯ ಸೀಮೆ. ನನ್ನಂಥವನು ಟೆಂಟು ಹೊತ್ತು ಹೋಗುವ ಜಾಗವಲ್ಲ, ಹೋಗಲೂಬಾರದು.

ಸತ್ತೇಗಾಲ ದಾಟುವಾಗ, ಕಂಪನಿ ಸರ್ಕಾರಕ್ಕಾಗಿ ಈ ನಾಡು ಸುತ್ತಿ ಬರೆದ ಬುಕಾನನ್ ನೆನಪಾಗಿದ್ದ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಸತ್ತೇಗಾಲದಿಂದ ಹನೂರು, ಕೌದಳ್ಳಿ, ಮಾರ್ಟಳ್ಳಿಯ ಮೇಲೆ ಹಾದು ಕಾವೇರಿಪುರದ ಕಣಿವೆಗೆ ಇಳಿದವನು. ಅವನು ಎಡಕ್ಕೆ ಹೋದ, ನಾನು ಬಲಕ್ಕೆ ಹತ್ತುತ್ತಿದ್ದೇನೆ. ಈ ಕಡೆಯ ಊರುಗಳ ಹೆಸರಿನಲ್ಲೇ ಬೆಟ್ಟದ ಬಾಗಿಲುಗಳಿವೆ. ರಾಮಾಪುರದಾಚೆ ಗಡಿಯಲ್ಲಿರುವುದು ಗರಿಕೆಕಂಡಿ. ಕಂಡಿ ಎಂದರೆ ನುಸುಳುವ ಸಂದು. ಸಂದಿದ್ದ ಕಡೆ ದಾರಿ, ದಾರಿ ಇದ್ದ ಕಡೆ ಕಾವಲು.

ಲೊಕ್ಕನಹಳ್ಳಿಯಲ್ಲಿ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತೇನೆ. ಎಂಜಿನ್ ಆರಿಸಿದ ಮೇಲೆ ಕಿವಿಯಲ್ಲಿ ಉಳಿಯುವ ಮೌನಕ್ಕೆ ಒಂದು ತೂಕವಿರುತ್ತದೆ. ಬಾಂಡ್ಲಿಯಲ್ಲಿ ಬೋಂಡ ಬೇಯುತ್ತಿದೆ. ಪಡುವಣಕ್ಕೆ ಬಿಳಿಗಿರಿಯ ಸಾಲು, ಮೂಡಣಕ್ಕೆ ಮಲೆ ಮಹದೇಶ್ವರನ ಬೆಟ್ಟಗಳ ನೀಲಿ. ಎರಡರ ನಡುವಿನ ತೊಟ್ಟಿಲಿನಂಥ ನೆಲದಲ್ಲಿ ರಾಗಿ ಕಂದು ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ತಡವಾಗಿ ಬಿತ್ತಿದ ಮುಸುಕಿನ ಜೋಳ ಇನ್ನೂ ನಿಂತಿದೆ. ಖಾಕಿ ಅಂಗಿಯ ಅರಣ್ಯ ಇಲಾಖೆಯ ವಾಚರ್ ಒಬ್ಬರು ಬೆಂಚಿನ ಮೇಲೆ ಕೂತಿದ್ದಾರೆ. ಅವರ ಕಣ್ಣು ನೇರ ನನ್ನ ಗಂಟಿನ ಮೇಲೆ.

"ಟೆಂಟಾ ಸಾ? ಕಾಡ್ಲಿ ಮಲಗಕೆ ಆಗದಿಲ್ಲ."

"ಗೊತ್ತಣ್ಣ. ಊರಲ್ಲೇ ಎಲ್ಲಾದರೂ ಜಾಗ ಸಿಗುತ್ತಾ ಅಂತ."

ಅವರ ಮುಖ ಸಡಿಲವಾಗುತ್ತದೆ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ 2013ರಿಂದ ವನ್ಯಧಾಮ. ಒಪ್ಪಿಗೆಯಿಲ್ಲದೆ ಒಳಗೆ ಕಾಲಿಟ್ಟರೆ ತಪ್ಪು, ಬೆಂಕಿ ಹಚ್ಚಿದರೆ ಇನ್ನೂ ದೊಡ್ಡ ತಪ್ಪು. ಬೆಟ್ಟದ ರಸ್ತೆಗೆ ಬೈಕು ತರುವ ಎಷ್ಟೋ ಹುಡುಗರು ಇದನ್ನು ಅಡ್ಡಿ ಎಂದುಕೊಳ್ಳುತ್ತಾರೆ. ನನಗಂತೂ ಇದು ಉಪಕಾರವೇ ಆಗಿದೆ: ಕಾಡಿನಲ್ಲಿ ಮಲಗಿದ್ದರೆ ನಕ್ಷತ್ರ ಮಾತ್ರ ಸಿಗುತ್ತಿತ್ತು, ಊರಿನಲ್ಲಿ ಜಾಗ ಕೇಳಿದ್ದರಿಂದ ಮನುಷ್ಯರು ಸಿಕ್ಕಿದರು.

ಸಿಕ್ಕಿದವರು ಎಪ್ಪತ್ತು ದಾಟಿದ ಒಬ್ಬ ತಾತ. ತಲೆಗೆ ಟವೆಲು, ಹೆಗಲಿಗೆ ಕಂಬಳಿ. ಊರಾಚೆ ಹೊಲದಲ್ಲೇ ಮನೆ. ಗಾಡಿಯ ಟ್ಯಾಂಕನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿ, "ಜಾವಾ ಅಲ್ವೇನಪ್ಪ ಇದು? ನಮ್ ಮೇಷ್ಟ್ರ ತಾವ ಇತ್ತು" ಎಂದರು. "ನಮ್ ಕಣದಲ್ಲೇ ಹಾಕಂಡು ಮಲಿಕಳಿ. ಮೊದ್ಲು ಹಿಟ್ಟುಣ್ಣಿ." ಇಲ್ಲಿ ಹಿಟ್ಟು ಅಂದರೆ ಮುದ್ದೆ.

ಸಗಣಿ ಸಾರಿಸಿದ ಕಣದ ಮೂಲೆಯಲ್ಲಿ ಟೆಂಟು ಎದ್ದು ನಿಲ್ಲುತ್ತದೆ. ಗೂಟ ಹೊಡೆದು ಕಣ ಕೆಡಿಸಲು ಮನಸ್ಸಾಗದೆ ನಾಲ್ಕು ಮೂಲೆಗೂ ಕಲ್ಲು ಹೇರುತ್ತೇನೆ. ಮೊಮ್ಮಗಳು ಒಳಗೆ ನುಸುಳಿ, ಜಿಪ್ ಎಳೆದುಕೊಂಡು, "ತಾತಾ, ಬಟ್ಟೆ ಮನೆ!" ಎಂದು ಕೂಗುತ್ತಾಳೆ. ಒಲೆಯ ಮುಂದೆ ಕೂತು ಬಿಸಿ ಮುದ್ದೆ, ಹುರುಳಿಯ ಬಸ್ಸಾರು. ಉಣ್ಣುತ್ತ ನಾನು ಕೋಟೆಯ ಮಾತೆತ್ತುತ್ತೇನೆ. ಈ ಕಡೆ ಹಳೇ ಕೋಟೆ, ಬುರುಜು, ಕಂದಕ ಏನಾದರೂ ಉಂಟೇ ತಾತ?

"ಕಂದಕ ಬೇಕಾ? ಬನ್ನಿ ತೋರಿಸ್ತೀನಿ."

ಟಾರ್ಚು ಹಿಡಿದು ಹೊಲದ ಬದುವಿನ ಮೇಲೆ ನಡೆಯುತ್ತಾರೆ. ಕಾಲಿಗೆ ರಾಗಿ ತೆನೆಯ ಇಬ್ಬನಿ ಮೆತ್ತುತ್ತದೆ. ಸೋಲಾರ್ ತಂತಿಯ ಟಿಕ್, ಟಿಕ್ ಸದ್ದು. ಅದರಾಚೆ ನೆಲ ದಿಢೀರನೆ ಮುಗಿದುಹೋಗುತ್ತದೆ. ಟಾರ್ಚಿನ ಬೆಳಕು ಕೆಂಪು ಮಣ್ಣಿನ ಗೋಡೆಯ ಮೇಲೆ ಇಳಿದು ಇಳಿದು ತಳ ಮುಟ್ಟುತ್ತದೆ. ಆಳು ಮುಳುಗುವ ಹಳ್ಳ, ಎರಡೂ ಕಡೆಗೆ ಬೆಳಕು ಹೋಗುವಷ್ಟು ದೂರ. ಅರಣ್ಯ ಇಲಾಖೆ ತೋಡಿಸಿದ ಆನೆ ಕಂದಕ.

ನಾನು ಅಲ್ಲೇ ಕೂತುಬಿಡುತ್ತೇನೆ. ಶಿವನಸಮುದ್ರದಲ್ಲಿ ಬೆಳಿಗ್ಗೆಯಿಂದ ಹುಡುಕಿದ ಪದ ಇಲ್ಲಿ ದಿನಬಳಕೆಯಲ್ಲಿದೆ, ಗುದ್ದಲಿಯ ಗುರುತು ಇನ್ನೂ ಆರದ ಹಾಗೆ. ಕೋಟೆಯ ಕಂದಕ ಶತ್ರುವಿಗೆ, ಇದು ಆನೆಗೆ. ಆದರೆ ತಾತ ಆನೆಯನ್ನು ಶತ್ರು ಎನ್ನುವುದಿಲ್ಲ. "ಅವು ಕಾಲಲ್ಲಿ ಮಣ್ಣ ಒಳೀಕ್ ತಳ್ಳಿ ದಾಟ್ತವೆ ಕನಪ್ಪ. ದಾರಿ ಅವುರ್ದು. ನಮ್ ತಾತನ ಕಾಲದಲ್ಲೂ ಇದೇ ದಾರೀಲಿ ಬತ್ತಿದ್ವು."

ದಾರಿ ಅವುಗಳದೇ. ಲೊಕ್ಕನಹಳ್ಳಿಯ ಈ ಸೀಮೆಯಲ್ಲೇ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಕಾರಿಡಾರ್ ಇದೆ: ಬಿಳಿಗಿರಿಯ ಕಾಡನ್ನೂ ಮೂಡಣದ ಮಲೆ ಮಹದೇಶ್ವರ, ಕಾವೇರಿ ಕಾಡುಗಳನ್ನೂ ಜೋಡಿಸುವ ಇಕ್ಕಟ್ಟಾದ ಪಟ್ಟಿ. ಅದು ಮುಚ್ಚಿಹೋಗದಿರಲೆಂದು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ 25 ಎಕರೆಗೂ ತುಸು ಹೆಚ್ಚು ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದೆ. 25 ಎಕರೆ! ಒಬ್ಬ ಅನುಕೂಲಸ್ಥ ರೈತನ ಹಿಡುವಳಿಯಷ್ಟು. ಅಷ್ಟು ಅಗಲದ ಬಾಗಿಲು ತೆರೆದಿಟ್ಟರೆ ಎರಡು ಬೆಟ್ಟಸಾಲುಗಳ ಆನೆಗಳ ನಂಟು ಉಳಿಯುತ್ತದೆ. ಕೋಟೆ ಕಟ್ಟಿದವರು ಬಾಗಿಲು ಮುಚ್ಚಿ ಬದುಕಿದರು. ಇಲ್ಲಿ ಬಾಗಿಲು ಮುಚ್ಚಿದ ದಿನ ಆನೆಗೂ ತಾತನಿಗೂ ಕಷ್ಟ ಶುರು.

ರಾತ್ರಿ ಒಂಬತ್ತಾದ ಮೇಲೆ ಅಟ್ಟಣೆ ಹತ್ತುತ್ತೇವೆ. ಹುಣಸೆ ಮರದ ಕವಲಿಗೆ ಕಟ್ಟಿದ ಗಳುಗಳು, ಮೇಲೆ ಸೋಗೆ, ನೆಲಕ್ಕೆ ಹುಲ್ಲು. ತಾತ ಕಂಬಳಿ ಸುತ್ತಿಕೊಂಡು ಕೂರುತ್ತಾರೆ, ಪಕ್ಕದಲ್ಲಿ ಒಂದು ಹಳೇ ಎಣ್ಣೆ ಡಬ್ಬ, ಬಡಿಯಲು ಕೋಲು. ದೂರದ ಹೊಲಗಳಲ್ಲಿಯೂ ಒಂದೊಂದು ಟಾರ್ಚು ಆಗಾಗ ಹೊತ್ತಿ ಆರುತ್ತದೆ. ಆ ಕಡೆಯಿಂದ "ಹೋ" ಅಂದರೆ ಈ ಕಡೆಯಿಂದ "ಹೋ". ಬುರುಜಿನಿಂದ ಬುರುಜಿಗೆ ಕಾವಲುಗಾರರು ಕೂಗುತ್ತಿದ್ದದ್ದು ಹೀಗೇ ಇದ್ದಿರಬೇಕು.

"ಒಂದ್ ಕಾಲದಲ್ಲಿ ಟಾರ್ಚ್ ಹಾಕಕೂ ಅಂಜ್ತಿದ್ದೋ," ಎನ್ನುತ್ತಾರೆ ತಾತ. ಯಾವ ಕಾಲವೆಂದು ಕೇಳಬೇಕಿಲ್ಲ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕೊಲೆ, ಮರುವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಜೊತೆಯವರ ಕೊಲೆ, 2002ರ ಆಗಸ್ಟಿನಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರ ಅಪಹರಣ. ಇವೆಲ್ಲದರ ಹಿಂದಿದ್ದ ಕಾಡುಗಳ್ಳ ವೀರಪ್ಪನ್ 2004ರ ಅಕ್ಟೋಬರಿನಲ್ಲಿ ಸಾಯುವವರೆಗೆ ಈ ಊರುಗಳ ರಾತ್ರಿ ಬೇರೆಯೇ ಇತ್ತು. ಕಾಡಿನವರಿಗೆ ಅನ್ನ ಕೊಟ್ಟಿರೆಂದು ಪೊಲೀಸರ ಕಾಟ, ಪೊಲೀಸರಿಗೆ ಸುದ್ದಿ ಕೊಟ್ಟಿರೆಂದು ಕಾಡಿನವರ ಕಾಟ. ತಾತ ಅದನ್ನು ಹೆಚ್ಚು ಬಿಡಿಸಿ ಹೇಳುವುದಿಲ್ಲ. "ಆನೆ ವಾಸಿ ಕನಪ್ಪ. ಜ್ವಾಳ ತಿಂದು ಹೊಂಟೋಯ್ತದೆ" ಎಂದಷ್ಟೇ.

ಅದೇ ಮೀಣ್ಯಂ ಕಾಡಿನಲ್ಲಿ 2025ರ ಜೂನಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷಕ್ಕೆ ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಸೇರಿತ್ತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಈಗ ಈ ಅಟ್ಟಣೆಯ ಮೇಲೆ ಕೂತು, ನಾಲ್ಕು ತಿಂಗಳ ದುಡಿಮೆಯನ್ನು ಕೋಲು ಡಬ್ಬದಿಂದ ಕಾಯುವ ಮನುಷ್ಯನ ಪಕ್ಕದಲ್ಲಿ, ಆ ಸಂಕಟಕ್ಕೆ ಇನ್ನೊಂದು ಸಂಕಟ ಸೇರುತ್ತದೆ. ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳದೆ ಈ ರಸ್ತೆಯ ಚೆಲುವನ್ನು ಬರೆಯಲು ನನಗೆ ಬರುವುದಿಲ್ಲ.

ಎರಡು ಗಂಟೆಯಿರಬೇಕು. ತಾತನ ಕೈ ನನ್ನ ಮೊಣಕೈ ಒತ್ತುತ್ತದೆ. ಏನೂ ಕಾಣುವುದಿಲ್ಲ. ಮೊದಲು ಒಂದು ಕೊಂಬೆ ಮುರಿದ ಸದ್ದು, ಆಮೇಲೆ ಮಣ್ಣು ಜಾರುವ ಸದ್ದು, ಸರ್ರನೆ, ನಿಂತು, ಮತ್ತೆ ಸರ್ರನೆ. ಕಂದಕ ತುಂಬುತ್ತಿದೆ. ಆಮೇಲೆ ಹೊಟ್ಟೆಯೊಳಗಿಂದ ಬಂದಂಥ ಒಂದು ಗುಡುಗು, ಕಿವಿಗಿಂತ ಎದೆಗೆ ಮೊದಲು ತಲುಪುವಂಥದು. ತಾತ ಡಬ್ಬ ಬಡಿಯುತ್ತಾರೆ. ಪಕ್ಕದ ಹೊಲದವರು ಬಡಿಯುತ್ತಾರೆ. ಎಲ್ಲೋ ಒಂದು ಪಟಾಕಿ. ಬೆಳಕು ಬಿಟ್ಟಾಗ ಬೂದು ಗೋಡೆಯೊಂದು ಜೋಳದ ನಡುವೆ ತಿರುಗಿಕೊಳ್ಳುವುದು ಒಂದೇ ಕ್ಷಣ ಕಾಣುತ್ತದೆ. ಅದರ ಹಿಂದೆ ಇನ್ನೊಂದು, ಚಿಕ್ಕದು. ಅವಸರವಿಲ್ಲದೆ ಮೂಡಣದ ಕಡೆಗೆ ಹೋಗಿಬಿಡುತ್ತವೆ. ಗಾಳಿಯಲ್ಲಿ ಹಸಿ ಜೋಳದ ಸಿಹಿ ವಾಸನೆ ಉಳಿಯುತ್ತದೆ.

ಬೆಳಗ್ಗೆ ನೋಡಿದರೆ ಹತ್ತು ಹನ್ನೆರಡು ಸಾಲು ಮಲಗಿದೆ. ಕಂದಕದ ಅಂಚು ಕುಸಿದು ಇಳಿಜಾರಾಗಿದೆ, ಅದರ ಮೇಲೆ ಮೊರದಗಲದ ಹೆಜ್ಜೆ, ಪಕ್ಕದಲ್ಲಿ ತಟ್ಟೆಯಗಲದ್ದು. ತಾತ ಮುರಿದ ತೆನೆಗಳನ್ನು ಆರಿಸುತ್ತಿದ್ದಾರೆ. ಜೊತೆಗೂಡಿ ಒಂದು ಚೀಲ ತುಂಬಿಸುತ್ತೇನೆ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿ, ನಾಲ್ಕು ತೆನೆ ನನ್ನ ಚೀಲಕ್ಕೇ ತುರುಕುತ್ತಾರೆ. "ದಾರಿ ಮದ್ಯ ನಿಲ್ಲಬ್ಯಾಡಿ. ಸದ್ದು ಕೇಳುದ್ರೆ ಗಾಡಿ ಆರಿಸಿ ಕಾಯಿರಿ. ಅವು ದಾಟ್ಲಿ."

ಒಡೆಯರಪಾಳ್ಯದ ರಸ್ತೆ ಮಂಜಿನಲ್ಲಿದೆ. ಹೆಡ್‌ಲೈಟಿನ ಬೆಳಕು ನಾಲ್ಕು ಮಾರು ಹೋಗಿ ಕರಗುತ್ತದೆ. ರಸ್ತೆಯ ಮೇಲೆ ಬಿಸಿ ಆರದ ಲದ್ದಿ ಕಂಡಾಗ ಎಂಜಿನ್ ಆರಿಸಿ ಕಾಯುತ್ತೇನೆ. ಏನೂ ಬರುವುದಿಲ್ಲ. ಮತ್ತೆ ಕಡ್ಡಿ ಮೇಲೆತ್ತಿ ಒಂದು ಕಿಕ್. ಮಂಜು ಹರಿದಾಗ ಎದುರಿಗೆ ಬಣ್ಣ ಬಣ್ಣದ ಪ್ರಾರ್ಥನೆಯ ಬಾವುಟಗಳು, ಜೋಳದ ಹೊಲಗಳು, ಅವುಗಳ ಮೇಲೆ ಜೋಗ್‌ಚೆನ್ ಮಠದ ಚಿನ್ನದ ಬಣ್ಣದ ಶಿಖರ. 1974ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ಕೊಟ್ಟ ನೆಲ ಇದು. ದೋಂಡೆನ್‌ಲಿಂಗ್ ಎಂದು ಹೆಸರಿಟ್ಟುಕೊಂಡು ಕಾಡಂಚಿನಲ್ಲಿ ಜೋಳ ಬೆಳೆಯುತ್ತ ಬಂದಿದ್ದಾರೆ.

ಟೀ ಅಂಗಡಿಯ ಅಜ್ಜಿ ಪಟ್ಟೆಪಟ್ಟೆಯ ಏಪ್ರನ್ ಕಟ್ಟಿದ್ದಾರೆ. ಗ್ಲಾಸು ಕೈಗಿಡುತ್ತ, ಕೊಳ್ಳೇಗಾಲದ ಕನ್ನಡದಲ್ಲೇ ಕೇಳುತ್ತಾರೆ: "ರಾತ್ರಿ ಎಲ್ಲಿದ್ರಿ?"

"ಲೊಕ್ಕನಹಳ್ಳಿಯಲ್ಲಿ ಅಜ್ಜಿ. ಹೊಲದಲ್ಲಿ."

"ಆನೆ ಬಂದಿತ್ತಾ?"

"ಬಂದಿತ್ತು. ಮರಿ ಜೊತೆಗಿತ್ತು."

ಅಜ್ಜಿ ತಲೆಯಾಡಿಸಿ, ಬಾಗಿಲಾಚೆ ಮುರಿದು ಬಿದ್ದ ತಮ್ಮ ಜೋಳದ ಸಾಲಿನ ಕಡೆ ಕೈ ತೋರುತ್ತಾರೆ. "ಮೊನ್ನೆ ಇಲ್ಲಿಗೆ ಬಂದಿದ್ದು ಅದೇ ಇರಬೇಕು. ಮರಿ ಚೆನ್ನಾಗಿದೆಯಾ?"