ತಮ್ಮನಿಗೆ ಆ ಗೇಮ್ ಕಲಿಸಿದ್ದು ನಾವೇ

ಬೂಸಾ ತರಲು ಹೋದ ಅವ್ವ ಬರಿಗೈಯಲ್ಲಿ ವಾಪಸ್ ಬಂದಾಗ ವಿಷಯ ಗೊತ್ತಾಯಿತು. ಡೇರಿಯ ಬಟವಾಡೆ ಖಾತೆಗೆ ಬಿದ್ದಿದೆ ಅಂತ ಮೆಸೇಜ್ ಇದೆ, ಖಾತೆಯಲ್ಲಿ ದುಡ್ಡಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿದರೆ 80, 160, 250 ಅಂತ ಚೂರುಚೂರಾಗಿ ಎರಡು ತಿಂಗಳಲ್ಲಿ 6,400 ರೂಪಾಯಿ ಹೋಗಿತ್ತು. ಅವ್ವನ ಫೋನಿಗೆ ದುಡ್ಡು ಕಳಿಸೋ ಆ್ಯಪ್ ಹಾಕಿಕೊಟ್ಟವನು ಒಂಬತ್ತನೇ ಕ್ಲಾಸಿನ ತಮ್ಮ. ಪಿನ್ ಇಟ್ಟವನೂ ಅವನೇ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗಿಲ್ಲ ಹೇಳಿ?

ಇದು 2021ರ ಡಿಸೆಂಬರ್ ಮಾತು. ಅವ್ವ ಅಂದರೆ ನಮ್ಮಲ್ಲೊಬ್ಬನ ಅವ್ವ. ಹಾಸ್ಟೆಲ್‌ನಲ್ಲಿ ಎರಡು ವರ್ಷ ಒಂದೇ ರೂಮಿನಲ್ಲಿದ್ದ ನಾವು ಮೂವರಿಗೂ ಆಕೆ ಅವ್ವನೇ, ಆ ಹುಡುಗ ಮೂವರಿಗೂ ತಮ್ಮನೇ. ಅಪ್ಪ ಫೋನನ್ನು ಬಟ್ಟೆ ಒಗೆಯೋ ಕಲ್ಲಿಗೆ ಬಡಿದು ಒಡೆದರು. ತಮ್ಮ ಎರಡು ದಿನ ಊಟ ಬಿಟ್ಟ, ಮೂರನೇ ದಿನ ಯಾರಿಗೂ ಹೇಳದೆ ಮಾವನ ಮನೆಗೆ ಹೋದ. ಅವ್ವ ನಮಗೆ ಫೋನ್ ಮಾಡಿದಳು.

"ನೀವು ಓದ್ದೋರು, ಪೇಪರ್‌ನಾಗೆ ಬರೆಯೋರು. ನಿಮ್ ಮಾತಾದ್ರೆ ಕೇಳ್ತಾನೆ. ಬಂದು ಒಂದ್ ಮಾತು ಹೇಳ್ರಪ್ಪ."

ಎರಡು ಬೈಕಿನಲ್ಲಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ಯಾರೂ ಹೆಚ್ಚು ಮಾತಾಡಲಿಲ್ಲ. ಯಾಕೆಂದರೆ ಆ ಗೇಮನ್ನು ಅವನ ಕೈಗೆ ಕೊಟ್ಟವರು ನಾವೇ.

2019ರ ದಸರಾ ರಜೆಗೆ ಅದೇ ಮನೆಗೆ ಹೋಗಿದ್ದೆವು. ಜಗಲಿಯಲ್ಲಿ ಸಾಲಾಗಿ ಕೂತು ಆಟ. ಗೇಮಿನ ಹೆಸರು ಬೇಡ, ಪ್ಯಾರಾಚೂಟಿನಲ್ಲಿ ಇಳಿದು ಬಂದೂಕು ಹುಡುಕಿಕೊಂಡು ಕೊನೆಯವರೆಗೆ ಬದುಕಿ ಉಳಿಯೋ ಥರದ್ದು. ಏಳನೇ ಕ್ಲಾಸಿನ ತಮ್ಮ ಹಿಂದೆ ನಿಂತು ಹೆಗಲ ಮೇಲಿಂದ ಇಣುಕುತ್ತಿದ್ದ. "ಅಣ್ಣ, ನಂಗೂ ಒಂದ್ ಸಲ" ಅಂದ. ಕೊಟ್ಟೆವು. ಮೊದಲ ಸಲಕ್ಕೇ ಇಬ್ಬರನ್ನು ಹೊಡೆದ. ನಾವು ಬೆನ್ನು ತಟ್ಟಿದೆವು. ಮುಂದಿನ ವರ್ಷ ಲಾಕ್‌ಡೌನ್ ಬಂತು, ಆನ್‌ಲೈನ್ ಕ್ಲಾಸಿಗೆ ಅಂತ ಮನೆಗೊಂದು ಸ್ಮಾರ್ಟ್‌ಫೋನ್ ಬಂತು. ಉಳಿದದ್ದನ್ನು ಅವನೇ ಕಲಿತ.

ನಮ್ಮ ಕಥೆಯೂ ಚೆನ್ನಾಗಿರಲಿಲ್ಲ. ರಾತ್ರಿ ಎರಡರವರೆಗೆ ಆಡಿ ಬೆಳಿಗ್ಗೆ ಇಂಟರ್ನಲ್ಸ್ ತಪ್ಪಿಸಿಕೊಂಡವರು ನಾವು. ನಮ್ಮಲ್ಲೊಬ್ಬ ಸಂತೆಗೆ ಹೋದಾಗ ಎದುರಿನ ಕಟ್ಟಡದ ತಾರಸಿ ನೋಡಿ, ಅಲ್ಲಿ ಯಾರಾದರೂ ಬಂದೂಕು ಹಿಡಿದು ಮಲಗಿರಬಹುದು ಅಂತ ಒಂದು ಕ್ಷಣ ಬಗ್ಗಿದ್ದ! ಆಗ ಬಿದ್ದು ಬಿದ್ದು ನಕ್ಕಿದ್ದೆವು. ಆಮೇಲೆ ಓದಿದಾಗ ಗೊತ್ತಾಯಿತು, ಇದು ಅವನೊಬ್ಬನಿಗೆ ಮಾತ್ರ ಆಗಿದ್ದಲ್ಲ. ಬಣ್ಣದ ಇಟ್ಟಿಗೆಗಳು ಮೇಲಿಂದ ಬೀಳೋ ಟೆಟ್ರಿಸ್ ಅಂತ ಒಂದು ಹಳೆ ಗೇಮ್ ಇದೆಯಲ್ಲ, 2000ನೇ ಇಸವಿಯಲ್ಲಿ ಹಾರ್ವರ್ಡ್‌ನ ಸಂಶೋಧಕರು ಜನರಿಗೆ ಅದನ್ನು ಆಡಿಸಿ, ನಿದ್ದೆ ಹತ್ತೋ ಹೊತ್ತಲ್ಲಿ ಎಬ್ಬಿಸಿ ಕೇಳಿದರು. ತುಂಬಾ ಜನ ಕಣ್ಣ ಮುಂದೆ ಇಟ್ಟಿಗೆ ಬೀಳೋದು ಕಾಣಿಸಿತು ಅಂದರು. ಮಿದುಳಿಗೆ ಪೆಟ್ಟಾಗಿ ಮರೆವು ಬಂದಿದ್ದ ಕೆಲವರೂ ಅದರಲ್ಲಿ ಇದ್ದರು. ಗೇಮ್ ಆಡಿದ್ದೇ ಅವರಿಗೆ ನೆನಪಿಲ್ಲ, ಆದರೂ ಇಟ್ಟಿಗೆ ಬೀಳೋದು ಕಂಡಿತ್ತು. ಹಗಲು ಪದೇ ಪದೇ ಮಾಡಿದ ಕೆಲಸವನ್ನು ಮಿದುಳು ನಮ್ಮನ್ನು ಕೇಳದೆ ರಾತ್ರಿಯೂ ಮಾಡುತ್ತದೆ. ದಿನವಿಡೀ ನಾಟಿ ಹಾಕಿ ಬಂದವರಿಗೆ ಕಣ್ಣು ಮುಚ್ಚಿದರೆ ಗದ್ದೆಯೇ ಕಾಣೋದಿಲ್ಲವೇ, ಹಾಗೆ.

ಇನ್ನು ಡೋಪಮೈನ್. ವಾಟ್ಸ್ಆ್ಯಪ್‌ನಲ್ಲಿ ಈ ಪದ ಈಗ ಎಲ್ಲರ ಬಾಯಲ್ಲೂ ಇದೆ, ಏನೋ ವಿಷ ಅನ್ನೋ ಹಾಗೆ. ಅದು ವಿಷವಲ್ಲ, ಎಲ್ಲರ ಮಿದುಳಿನಲ್ಲೂ ಇರೋ ರಾಸಾಯನಿಕ. 1998ರಲ್ಲಿ ಲಂಡನ್ನಿನಲ್ಲಿ 8 ಜನ ಗಂಡಸರಿಗೆ ಟ್ಯಾಂಕ್ ಓಡಿಸೋ ಗೇಮ್ ಕೊಟ್ಟು ಮಿದುಳನ್ನು ಸ್ಕ್ಯಾನ್ ಮಾಡಿದರು. ಆಡುವಾಗ ಡೋಪಮೈನ್ ಬಿಡುಗಡೆ ಹೆಚ್ಚಾಗಿತ್ತು, ಚೆನ್ನಾಗಿ ಆಡಿದವರಲ್ಲಿ ಇನ್ನೂ ಹೆಚ್ಚು. ಎಂಟೇ ಜನರ ಮೇಲಿನ ಚಿಕ್ಕ ಪ್ರಯೋಗ, ಆದರೂ ಗೇಮ್ ಮತ್ತು ಮಿದುಳಿನ ಬಗ್ಗೆ ಬರೆಯುವವರು ಇಂದಿಗೂ ಅದನ್ನೇ ಎತ್ತಿ ಹೇಳುತ್ತಾರೆ.

ಡೋಪಮೈನ್ ಅಂದರೆ ಸಂತೋಷ ಅಂತ ನಾವೂ ಅಂದುಕೊಂಡಿದ್ದೆವು. ಅದರ ಕೆಲಸ ಹೆಚ್ಚಾಗಿ ನಿರೀಕ್ಷೆಯದ್ದು. ಸಿಗುತ್ತೋ ಇಲ್ಲವೋ ಅನ್ನೋ ಕಡೆ ಅದರ ಆಟ ಜಾಸ್ತಿ. ಸ್ಕಿನ್ನರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಗುಂಡಿ ಕುಕ್ಕಿದರೆ ಕಾಳು ಬೀಳೋ ಹಾಗೆ ಮಾಡಿದ. ಯಾವ ಕುಕ್ಕಿಗೆ ಕಾಳು ಬೀಳುತ್ತೆ ಅಂತ ಗೊತ್ತಾಗದ ಹಾಗೆ ಮಾಡಿದಾಗ ಅವು ಬಿಡದೆ ಕುಕ್ಕುತ್ತಲೇ ಇದ್ದವು. ಗೇಮಿನ ಪೆಟ್ಟಿಗೆಗಳೂ ಹಾಗೇ. 80 ರೂಪಾಯಿ ಕೊಟ್ಟು ಒಂದು ಪೆಟ್ಟಿಗೆ ತೆಗೆದರೆ ಒಮ್ಮೆ ಹಳೇ ಟೋಪಿ, ಒಮ್ಮೆ ಏನೂ ಇಲ್ಲ, ಒಮ್ಮೆ ಫಳಫಳ ಹೊಳೆಯೋ ಬಂದೂಕು. ತಮ್ಮ ಆ 6,400 ರೂಪಾಯಿಯನ್ನು ಹೀಗೆ ಕುಕ್ಕಿದ್ದ.

ಅವನ ವಯಸ್ಸಿನ ವಿಷಯವೂ ಇದೆ. ಆಸೆ, ಉತ್ಸಾಹಕ್ಕೆ ಸಂಬಂಧಪಟ್ಟ ಮಿದುಳಿನ ಭಾಗ ಹರೆಯದಲ್ಲೇ ಚುರುಕಾಗಿರುತ್ತೆ. ಸಾಕು, ನಿಲ್ಲಿಸು ಅನ್ನೋ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯೋದು ಇಪ್ಪತ್ತು ದಾಟಿ ಎಷ್ಟೋ ವರ್ಷಕ್ಕೆ. ಹೋರಿಗೆ ಮೈ ತುಂಬಿದೆ, ಮೂಗುದಾರ ಇನ್ನೂ ಬಿದ್ದಿಲ್ಲ ಅನ್ನಿ.

ಗೇಮ್‌ನಿಂದ ಒಳ್ಳೇದೇ ಇಲ್ಲ ಅಂತಲ್ಲ. ಆ್ಯಕ್ಷನ್ ಗೇಮ್ ಆಡುವವರು ಕಣ್ಣಿನಿಂದ ಒಂದೇ ಸಲಕ್ಕೆ ಹೆಚ್ಚು ವಸ್ತುಗಳನ್ನು ಗಮನಿಸಬಲ್ಲರು ಅಂತ 2003ರ ಒಂದು ಅಧ್ಯಯನ ತೋರಿಸಿತು. 2007ರಲ್ಲಿ ಅಮೆರಿಕದಲ್ಲಿ ಲ್ಯಾಪರೊಸ್ಕೋಪಿ ತರಬೇತಿಗೆ ಬಂದ ಸರ್ಜನ್‌ಗಳನ್ನು ನೋಡಿದಾಗ, ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ಗೇಮ್ ಆಡುತ್ತಿದ್ದವರು ಶೇ. 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಇದನ್ನು ತಮ್ಮನ ಮುಂದೆ ಹೇಳಿ ನಾವೇ ಸಿಕ್ಕಿಕೊಂಡೆವು. "ನೋಡವ್ವ, ಡಾಕ್ಟ್ರಾಗೋಕೂ ಇದೇ ಬೇಕಂತೆ" ಅಂದುಬಿಟ್ಟ. ವಾರಕ್ಕೆ ಮೂರು ಗಂಟೆ ಕಣೋ, ದಿನಕ್ಕೆ ಆರಲ್ಲ ಅಂತ ತಿದ್ದೋಕೆ ಸಾಕಾಯಿತು.

ಬಂದೂಕಿನ ಗೇಮ್ ಆಡಿದರೆ ಹುಡುಗರು ಕ್ರೂರಿಗಳಾಗುತ್ತಾರಾ? ಅಪ್ಪನ ಭಯ ಇದೇ ಆಗಿತ್ತು, ಯಾಕೆಂದರೆ ಊಟಕ್ಕೆ ಕರೆದಾಗ ತಮ್ಮ ತಟ್ಟೆ ಒದ್ದಿದ್ದ. 2019ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರನ್ನು ಅಧ್ಯಯನ ಮಾಡಿ, ಹಿಂಸೆಯ ಗೇಮಿಗೂ ಹುಡುಗರ ಆಕ್ರಮಣಕಾರಿ ನಡವಳಿಕೆಗೂ ನಂಟು ಕಾಣಲಿಲ್ಲ ಅಂದರು. ನಮ್ಮ ಅನುಭವವೂ ಅದೇ. ನಮಗೆ ಸಿಟ್ಟು ಬರುತ್ತಿದ್ದದ್ದು ಗುಂಡು ಹಾರಿಸಿದ್ದಕ್ಕಲ್ಲ, ಮ್ಯಾಚಿನ ಮಧ್ಯೆ ಎಬ್ಬಿಸಿದಾಗ. ಆ ಥರದ ಗೇಮ್ ಅರ್ಧ ಗಂಟೆ ಹಿಡಿಯುತ್ತೆ, ನಡುವೆ ನಿಲ್ಲಿಸೋಕೆ ಆಗಲ್ಲ, ಎದ್ದರೆ ಜೊತೆಗಿದ್ದವರೂ ಸೋಲುತ್ತಾರೆ. ಅವ್ವನಿಗೆ ಇದು ಹೇಗೆ ಗೊತ್ತಾಗಬೇಕು? ಅದರ ಮೇಲೆ ರಾತ್ರಿ ನಿದ್ದೆ ಇಲ್ಲ. ನಿದ್ದೆಗೆಟ್ಟ ಯಾರನ್ನು ಮುಟ್ಟಿದರೂ ಸಿಡುಕುತ್ತಾರೆ.

ಮಾವನ ಮನೆಯ ಹಿತ್ತಲಲ್ಲಿ ತಮ್ಮ ಸಿಕ್ಕಿದ. ಬುದ್ಧಿ ಹೇಳೋಕೆ ಹೋದವರು ಸುಮ್ಮನೆ ಕೂತೆವು. ಬಹಳ ಹೊತ್ತಾದ ಮೇಲೆ ಅವನೇ ಬಾಯಿಬಿಟ್ಟ. ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಸಿಗಲು ನೀರಿನ ಟ್ಯಾಂಕ್ ಹತ್ತಿರ ಹೋಗಬೇಕಿತ್ತು, ಅರ್ಧ ಪಾಠ ಕೇಳಿಸುತ್ತಿರಲಿಲ್ಲ. ಶಾಲೆ ಮತ್ತೆ ಶುರುವಾದಾಗ ಗಣಿತ ಒಂದೂ ತಲೆಗೆ ಹತ್ತಲಿಲ್ಲ. "ಕ್ಲಾಸಲ್ಲಿ ನಾನು ದಡ್ಡ ಅಣ್ಣ. ಗೇಮಲ್ಲಿ ನಾನೇ ಲೀಡರ್, ಎಲ್ರೂ ನನ್ನ ಕೇಳ್ಕೊಂಡ್ ಆಡ್ತಾರೆ" ಅಂದ. ನಮ್ಮ ಡೋಪಮೈನ್ ಪಾಠಕ್ಕಿಂತ ಈ ಮಾತೇ ನಮಗೆ ಹೆಚ್ಚು ಅರ್ಥವಾಯಿತು.

ಮುಂದಿನ ತಿಂಗಳೇ, 2022ರ ಜನವರಿ 1ರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಕೂಡ ಇದೆ. ಎಷ್ಟು ಗಂಟೆ ಆಡಿದ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಬೇರೆ ಎಲ್ಲಕ್ಕಿಂತ ಅದೇ ಮುಖ್ಯವಾಗಿದೆಯಾ, ಹಾನಿ ಆಗುತ್ತಿದೆ ಅಂತ ಗೊತ್ತಿದ್ದರೂ ಆಡುತ್ತಿದ್ದಾನಾ, ಇದು ಸಾಮಾನ್ಯವಾಗಿ ಒಂದು ವರ್ಷ ನಡೆದಿದೆಯಾ ಅಂತ ನೋಡುತ್ತಾರೆ. ಹಾಗಾಗಿ ಸಂಜೆ ಒಂದು ತಾಸು ಆಡೋ ಹುಡುಗನಿಗೆಲ್ಲ ಕಾಯಿಲೆ ಅಂತ ಹಣೆಪಟ್ಟಿ ಕಟ್ಟಬೇಡಿ. ನಿಜಕ್ಕೂ ಕೈಮೀರಿದೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಾಗಿಯೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅರಳಿಕಟ್ಟೆಯ ಮೇಲೆ ಫೋನಿನಲ್ಲಿ ರಮ್ಮಿ ಆಡಿ ದುಡ್ಡು ಕಳೆದುಕೊಂಡ ದೊಡ್ಡವರ ಕಥೆ ಬೇರೆ ಇದೆ, ಇನ್ನೊಮ್ಮೆ ಬರೆಯುತ್ತೇವೆ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೆ ಕುಕ್ಕೋ ಗುಂಡಿ, ಬೀಳೋ ಕಾಳು ಅಲ್ಲೂ ಇವೇ. ಅವರಲ್ಲಿ ಕೆಲವರು ನಮ್ಮ ತಮ್ಮನಿಗೆ ಬುದ್ಧಿ ಹೇಳೋಕೆ ಬಂದಿದ್ದರು ಅನ್ನೋದು ತಮಾಷೆ.

ಸಂಜೆ ತಮ್ಮನನ್ನು ಬೈಕಿನ ಮೇಲೆ ಕೂರಿಸಿಕೊಂಡು ಮನೆಗೆ ತಂದೆವು. ಅಪ್ಪ ಮಾತಾಡಲಿಲ್ಲ. ಊಟಕ್ಕೆ ಕೂತಾಗ ನಮಗೆ ತುತ್ತು ಇಳಿಯಲಿಲ್ಲ. ಕೊನೆಗೆ ಹೇಳಿಬಿಟ್ಟೆವು: "ಅವ್ವ, ಆ ಗೇಮ್ ಇವನಿಗೆ ಕಲಿಸಿದ್ದು ನಾವು."

ಅವ್ವ ಮುದ್ದೆ ಬಡಿಸುತ್ತಲೇ ಇದ್ದಳು. "ಗೊತ್ತು ಕಣ್ರಪ್ಪ. ಜಗಲಿ ಮೇಲೆ ಸಾಲಾಗಿ ಕೂತಿದ್ರಲ್ಲ, ಕಾಫಿ ತಂದುಕೊಟ್ಟಿದ್ದು ನಾನೇ ಅಲ್ವಾ" ಅಂದಳು. ಮೂವರೂ ಸೇರಿ 6,400 ರೂಪಾಯಿ ಕೊಡೋಕೆ ಹೋದೆವು. ಬೂಸಾಕ್ಕೆ ಅಂತ 2,000 ಇಟ್ಟುಕೊಂಡು ಉಳಿದದ್ದು ವಾಪಸ್ ಕೊಟ್ಟಳು. ಮಿಕ್ಕಿದ್ದನ್ನು ತಮ್ಮನೇ ತೀರಿಸಬೇಕು ಅಂತ ಲೆಕ್ಕ. ಬೇಸಿಗೆ ರಜೆಯಲ್ಲಿ ಅವನು ರೇಷ್ಮೆ ಹುಳುವಿನ ಮನೆಯಲ್ಲಿ ಸೊಪ್ಪು ಹಾಕೋ ಕೆಲಸಕ್ಕೆ ಹೋದ.

ಆಮೇಲಿನದ್ದು ನೆಟ್ಟಗೆ ನಡೆಯಲಿಲ್ಲ. ಹೊಸ ಫೋನ್ ಬಂದ ಮೇಲೆ ಒಂದು ಸಲ ಮತ್ತೆ ರಾತ್ರಿಯೆಲ್ಲ ಆಡಿ ಸಿಕ್ಕಿಬಿದ್ದ. ಪಿನ್ ಬದಲಾಯಿಸಿ ಅವ್ವನಿಗೆ ಬಾಯಿಪಾಠ ಮಾಡಿಸಿದೆವು. ರಾತ್ರಿ ಫೋನ್ ಅವ್ವನ ದಿಂಬಿನ ಕೆಳಗೆ. ಊಟಕ್ಕೆ ಕರೆಯೋ ಮುಂಚೆ "ಇದೊಂದ್ ಆದ್ಮೇಲೆ ಬಾ" ಅನ್ನೋದನ್ನು ಅವ್ವ ಕಲಿತಳು. ಭಾನುವಾರ ಭಾನುವಾರ ನಮ್ಮಲ್ಲೊಬ್ಬ ಹೋಗಿ ಎಂಟನೇ ಕ್ಲಾಸಿನಿಂದ ಗಣಿತ ಹೇಳಿಕೊಟ್ಟ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾಯಿತು, ಭಾರಿ ಅಂಕವೇನಿಲ್ಲ. ಈಗ ಡಿಪ್ಲೊಮಾ ಕೊನೆ ವರ್ಷದಲ್ಲಿದ್ದಾನೆ.

ಮೊನ್ನೆ ಹಬ್ಬಕ್ಕೆ ಹೋದಾಗ ಅದೇ ಜಗಲಿಯಲ್ಲಿ ನಾಲ್ವರೂ ಆಡಿದೆವು. ಅವನ ವೇಗಕ್ಕೆ ನಮ್ಮ ಬೆರಳು ಓಡಲಿಲ್ಲ, ಐದೇ ನಿಮಿಷಕ್ಕೆ ಮೂವರೂ ಔಟ್. ಮ್ಯಾಚ್ ಮುಗಿದಾಗ "ಇನ್ನೊಂದ್ ಆಡಣ" ಅಂದವನು ನಮ್ಮಲ್ಲೊಬ್ಬ. ತಮ್ಮ ಅಷ್ಟರಲ್ಲಿ ಹಾಲು ಕರೆಯೋ ಹೊತ್ತಾಯಿತು ಅಂತ ಕೊಟ್ಟಿಗೆಗೆ ಎದ್ದು ಹೋಗಿದ್ದ.