ನೀರಿನ ಊರಿನಲ್ಲಿ ಮೊದಲ ಸಂಜೆ

ಗದಗ ಜಿಲ್ಲೆಯ ರೋಣ ಸೀಮೆಯ ಜಕ್ಕಲಿ ನಮ್ಮೂರು. ಏಕೀಕರಣಕ್ಕೆ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಎಂದರೆ ಹಿರಿಯರಿಗೆ ಬೇಗ ಗುರುತು ಸಿಗುತ್ತದೆ. ಎರೆ ಹೊಲ, ಮಳೆ ಬಂದರೆ ಬೆಳೆ, ಬಾರದಿದ್ದರೆ ಮುಗಿಲು ನೋಡುತ್ತ ಕೂಡುವುದು. ಕಾಲುವೆ ಅಂದರೆ ನಮಗೆ ನರಗುಂದದ ಕಡೆಯ ಮಲಪ್ರಭಾ ಕಾಲುವೆ. ಆ ಕಾಲುವೆಯ ನೀರು ಮತ್ತು ಕರದ ಸಲುವಾಗಿ 1980ರಲ್ಲಿ ರೈತರು ಬಂಡೆದ್ದದ್ದು ನಮ್ಮ ಕಡೆ ಇನ್ನೂ ಮಾತಿನಲ್ಲಿದೆ. ಇಂಥ ಊರಿನವಳಾದ ನಾನು, ಮದುವೆಯಾಗಿ 41 ವರ್ಷದ ಮೇಲೆ, ಕಳೆದ ಜೂನಿನಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮಿನ ಕಾಲುವೆ ದಂಡೆಯ ಮೇಲೆ ನಮ್ಮವರ ಜೊತೆ ನಿಂತಿದ್ದೆ.

ಮಗ, ಸೊಸೆ ಇಬ್ಬರೂ ಅಲ್ಲಿ ಕೆಲಸದಲ್ಲಿದ್ದಾರೆ. ನಾವು ಹೋದ ಮರುದಿನವೇ ಮಗ, "ಸಂಜಿ ಮುಂದ ಊರು ನೋಡಿ ಬರ್ರಿ. ಒಂಬತ್ತಕ್ಕ ವೆಸ್ಟರ್‌ಕೆರ್ಕ್ ಚರ್ಚಿನ ಗೋಪುರದ ಕೆಳಗ ನಿಂದರ್ರಿ, ನಾ ಬಂದು ಕರಕೊಂಡು ಹೋಗತೀನಿ" ಅಂದ. ಸೊಸೆ ಟ್ರಾಮಿನಲ್ಲಿ ಕೂಡಿಸಿದಳು. ಕೈಚೀಲದಲ್ಲಿ ನಾಲ್ಕು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಮೀನಗಡದ ಕರದಂಟಿನ ಪೊಟ್ಟಣ ಇಟ್ಟುಕೊಂಡೆ.

ಸತ್ಯ ಹೇಳಬೇಕೆಂದರೆ, ನಾವಿಬ್ಬರೇ ಅಂತ ಎಲ್ಲಿಗೂ ತಿರುಗಾಡಲು ಹೋದವರಲ್ಲ. ಜಾತ್ರೆಗೆ ಹೋದರೂ ಅವರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಅಲ್ಲಿ ಟ್ರಾಮಿನಿಂದ ಇಳಿಯುತ್ತಲೇ ಒಂದು ಸೈಕಲ್ ನನ್ನ ಸೀರೆಯ ನೆರಿಗೆ ಸವರಿಕೊಂಡು ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಮ್ಮವರು ಗಾಬರಿಯಾಗಿ ನನ್ನ ಕೈ ಹಿಡಿದರು. ರಸ್ತೆ ದಾಟಿದ ಮೇಲೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಆಮ್‌ಸ್ಟೆಲ್ ಎಂಬ ನದಿಗೆ ಕಟ್ಟಿದ ಒಡ್ಡಿನಿಂದ ಊರಿಗೆ ಈ ಹೆಸರು. ಆ ಒಡ್ಡು ಇದ್ದ ಜಾಗವೇ ಈಗಿನ ಡಾಮ್ ಚೌಕ. ಅಲ್ಲಿನ ಅರಮನೆ ನಿಂತಿರುವುದು ಕೆಸರು ನೆಲಕ್ಕೆ ಬಡಿದ 13,659 ಮರದ ಕಂಬಗಳ ಮೇಲಂತೆ! ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಒಂದಾದ ಮೇಲೊಂದು ಕಾಲುವೆ. ಊರನ್ನು ಅರ್ಧಚಂದ್ರದ ಹಾಗೆ ಸುತ್ತುವ ಮೂರು ದೊಡ್ಡ ಕಾಲುವೆಗಳನ್ನು 1613ರಿಂದ ತೋಡತೊಡಗಿದರು. ಒಂದು ಸಾಹುಕಾರರ ಹೆಸರಿನದು, ಒಂದು ಚಕ್ರವರ್ತಿಯದು, ಒಂದು ರಾಜಕುಮಾರನದು. 2010ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಂಡೆಯ ಮನೆಗಳು ಪುಸ್ತಕ ಜೋಡಿಸಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ಅಗಲ ಕಡಿಮೆ, ಎತ್ತರ ಬಹಳ. ಪ್ರತಿ ಮನೆಯ ನೆತ್ತಿಯಲ್ಲಿ ಒಂದು ತೊಲೆ, ಅದಕ್ಕೊಂದು ಕೊಂಡಿ. ಒಳಗಿನ ಮೆಟ್ಟಿಲು ಇಕ್ಕಟ್ಟು. ಮಂಚ, ಕಪಾಟು ಎಲ್ಲವನ್ನೂ ಹಗ್ಗ ಹಾಕಿ ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ತೂರಿಸುತ್ತಾರೆ. "ನಮ್ಮ ಹಗೇವಿನಿಂದ ಜೋಳ ತೆಗದಂಗ" ಎಂದು ನಾನಂದರೆ ನಮ್ಮವರು ನಕ್ಕರು.

ನಾವು ಇಳಿದ ವಿಮಾನ ನಿಲ್ದಾಣದ ನೆಲ ಒಂದು ಕಾಲಕ್ಕೆ ದೊಡ್ಡ ಸರೋವರವಾಗಿತ್ತಂತೆ. ಉಗಿಯಂತ್ರದ ಪಂಪು ಹಚ್ಚಿ 1852ರಲ್ಲಿ ಅದನ್ನು ಬತ್ತಿಸಿದರು. ನೀರು ಹೊರಗೆ ಹಾಕಲು ಇವರು ಪಟ್ಟ ಪಾಡು, ನೀರು ಒಳಗೆ ತರಲು ನಮ್ಮ ಪಾಡು!

ನಾಲ್ಕು ಸೇತುವೆ ದಾಟುವಷ್ಟರಲ್ಲಿ ದಾರಿ ತಪ್ಪಿತು. ಯಾವ ಕಾಲುವೆ ನೋಡಿದರೂ ಒಂದೇ ಥರ. ಎಂಟು ಗಂಟೆಯಾದರೂ ಮಟಮಟ ಬಿಸಿಲು. ಜೂನಿನಲ್ಲಿ ಅಲ್ಲಿ ಹೊತ್ತು ಮುಳುಗುವುದು ಹತ್ತರ ಸುಮಾರಿಗೆ. ದಂಡೆಯ ಬೆಂಚಿನ ಮೇಲೆ ಕೂತು ಚೀಲ ಬಿಚ್ಚಿದೆ.

ಎದುರಿಗೇ ಒಂದು ದೋಣಿಮನೆ. ಅಂಥವು ಆ ಊರಲ್ಲಿ ಎರಡು ಸಾವಿರಕ್ಕೂ ಹೆಚ್ಚು. ಎಪ್ಪತ್ತು ದಾಟಿದ ಒಬ್ಬ ಹೆಣ್ಣುಮಗಳು ನಲ್ಲಿಯಿಂದ ಝಾರಿ ತುಂಬಿ ಹೂವಿನ ಕುಂಡಗಳಿಗೆ ಹಾಕುತ್ತಿದ್ದಳು. ನನಗೆ ತಡೆಯಲಿಲ್ಲ. "ಕಾಲ ಬುಡಕ ಇಷ್ಟ ನೀರ ಇಟಗೊಂಡು ಈಕಿ ನಲ್ಲಿ ನೀರ ಯಾಕ ಹಾಕ್ತಾಳ, ಕೇಳ್ರಿ" ಅಂದೆ. ನಮ್ಮವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಕೇಳಿದರು.

ಆಕೆ ನಗುತ್ತ ನಮ್ಮ ಬೆಂಚಿಗೇ ಬಂದಳು. ಕರದಂಟಿನ ಒಂದು ತುಂಡು ಬಾಯಿಗೆ ಹಾಕಿಕೊಂಡು ಹೇಳಿದ ಸಂಗತಿ ಕೇಳಿ ನಾನು ಬೆರಗಾದೆ. ಈ ನೀರು ಎಂದೂ ಕುಡಿಯುವ ನೀರಾಗಿರಲಿಲ್ಲ. ಸಮುದ್ರದ ಉಪ್ಪು ಬೆರೆತದ್ದು, ಊರಿನ ಹೊಲಸೆಲ್ಲ ಬೀಳುತ್ತಿದ್ದುದೂ ಅದರಲ್ಲೇ. ಜನ ಮಳೆನೀರು ಹಿಡಿದಿಡುತ್ತಿದ್ದರು, ದೂರದ ನದಿಯಿಂದ ದೋಣಿಯಲ್ಲಿ ತಂದ ನೀರನ್ನು ಕೊಳ್ಳುತ್ತಿದ್ದರು. 1853ರಲ್ಲಿ ಕಡಲ ದಂಡೆಯ ಮರಳು ದಿಬ್ಬಗಳಿಂದ ಕೊಳವೆಯಲ್ಲಿ ಸಿಹಿನೀರು ಊರ ಬಾಗಿಲಿಗೆ ಬಂತು. ಬಕೆಟ್ಟಿಗೆ ಒಂದು ಸೆಂಟಿನಂತೆ ಮಾರಿದರು. "ನಮ್ಮ ಅಜ್ಜಿಯ ಅಜ್ಜಿಯೂ ಬಕೆಟ್ ಹಿಡಿದು ನಿಂತಿರಬೇಕು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮೂರಲ್ಲಿ ಹೇಗೆ?" ಎಂದು ಕೇಳಿದಳು.

ನಾನು ನಮ್ಮ ಮಾತಿನಲ್ಲೇ ಹೇಳಿದೆ. ಹಿತ್ತಲ ಬಾವಿ ಸವಳು. ಕುಡಿಯುವ ನೀರಿಗೆ ಬೆಳಗಿನ ನಾಲ್ಕಕ್ಕೇ ಎದ್ದು ಊರ ಹೊರಗೆ ಹೋಗಬೇಕು. ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು. ದಿನಕ್ಕೆ ಆರು ಸಲ. ಬ್ಯಾಸಗಿಯಲ್ಲಿ ಸೆಲೆಯ ನೀರು ಬಟ್ಟಲಿನಲ್ಲಿ ತೋಡಿ ತುಂಬುವುದು. ಎಂಟು ತಿಂಗಳ ಬಸುರಿ ಇದ್ದಾಗಲೂ ತಂದೆ.

ನಮ್ಮವರು ಎರಡು ಮಾತು ಇಂಗ್ಲಿಷಿಗೆ ತಂದರು, ಮೂರನೆಯದಕ್ಕೆ ನಿಂತರು. "ಎಂಟು ತಿಂಗಳಾದಾಗೂ?" ಎಂದು ಕನ್ನಡದಲ್ಲಿ ನನ್ನನ್ನೇ ಕೇಳಿದರು.

"ಹೂಂ. ನೀವಿನ್ನೂ ಎದ್ದಿರತಿರಲಿಲ್ಲ."

"ನನಗ ಹೇಳಲೇ ಇಲ್ಲಲ್ಲ?"

"ಹೇಳೂದೇನೈತ್ರೀ? ನೀರ ತರೂದು ಎಲ್ಲಾರ ಮನ್ಯಾಗೂ ಇತ್ತು."

ಅವರು ಸ್ವಲ್ಪ ಹೊತ್ತು ಕಾಲುವೆ ನೋಡುತ್ತ ಕೂತರು. ದಿನಾ ಬೆಳಿಗ್ಗೆ ಆ ನೀರನ್ನೇ ಕುಡಿದು ಸಾಲಿಗೆ ಹೋದವರು. ಆಮೇಲೆ ನಾನಂದದ್ದನ್ನೆಲ್ಲ ಒಂದೂ ಬಿಡದೆ ಆಕೆಗೆ ಹೇಳಿದರು. ಆಕೆ ನನ್ನ ಕೈಯನ್ನೊಮ್ಮೆ ಒತ್ತಿ, ಗೋಪುರದ ದಾರಿ ತೋರಿಸಿದಳು.

ದಾರಿಯಲ್ಲಿ 263ನೆಯ ನಂಬರಿನ ಮನೆಯ ಮುಂದೆ ಜನ ನೆರೆದಿದ್ದರು. ಹಿಟ್ಲರನ ಕಾಲದಲ್ಲಿ ಆ್ಯನ್ ಫ್ರಾಂಕ್ ಎಂಬ ಯಹೂದಿ ಹುಡುಗಿ ಮನೆಯವರೊಂದಿಗೆ ಎರಡು ವರ್ಷ, 1942ರಿಂದ 1944ರವರೆಗೆ, ಅಡಗಿಕೊಂಡು ದಿನಚರಿ ಬರೆದ ಮನೆ. ಹಗಲಿನಲ್ಲಿ, ಕೆಳಗೆ ಕೆಲಸ ಮಾಡುವವರಿಗೆ ಸಪ್ಪಳ ಕೇಳೀತೆಂದು ನಲ್ಲಿ ಸಹ ತಿರುಗಿಸುವಂತಿರಲಿಲ್ಲ. ಮನೆಯ ಮುಂದೆ ಕಾಲುವೆ ತುಂಬ ನೀರು! ನಾವು ಹೊರಗಿನಿಂದಲೇ ಕೈಮುಗಿದೆವು.

ನೀವೂ ಹೋಗುವುದಾದರೆ ಒಂದೆರಡು ಮಾತು. ಆ ಮನೆಯ ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆಸಬೇಕು, ಬಾಗಿಲಲ್ಲಿ ಸಿಗುವುದಿಲ್ಲ. ಸೈಕಲ್ ದಾರಿಯಲ್ಲಿ ಕಾಲಿಡಬೇಡಿ. ಜೂನಾದರೂ ಸ್ವೆಟರ್ ಇರಲಿ, ಸಂಜೆ ಗಾಳಿ ಚಳಿ ಹುಟ್ಟಿಸುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಲು ಚೊಲೋ ಇದೆ.

ಒಂಬತ್ತಕ್ಕೆ ಮಗ ಬಂದ. "ಏನೇನ ನೋಡಿದ್ರಿ?" ಅಂದ. "ನಿಮ್ಮವ್ವನ್ನ ಕೇಳು" ಅಂದರು ಅವರ ಅಪ್ಪ.

ಊರಿಗೆ ಬಂದು ಈಗ ನಾಲ್ಕು ತಿಂಗಳು. ನಲ್ಲಿ ಬಂದ ದಿನ ನಸುಕಿನಲ್ಲೇ ಕೊಡ ಎಳೆಯುವ ಸಪ್ಪಳವಾಗುತ್ತದೆ. ನಾನು ಏಳುವಷ್ಟರಲ್ಲಿ ನಮ್ಮವರು ನೀರು ತುಂಬಿ ಮುಗಿಸಿರುತ್ತಾರೆ.